ಚಳಿಗೆ ಶ್ರುತಿ ತಪ್ಪಿದ ಮೋಗ್

ಮಿಲಾನಿನಲ್ಲಿ ಮನೆಗಳಿಗೆ ಹೀಟಿಂಗ್ ಬರುವುದು ಸಾಮಾನ್ಯವಾಗಿ ಅಕ್ಟೋಬರ್ 15ಕ್ಕೆ. ನಮ್ಮ ಕಟ್ಟಡಕ್ಕೆಲ್ಲ ಒಂದೇ ಬಾಯ್ಲರ್, ಅದಕ್ಕೂ ಮೊದಲು ಎಷ್ಟು ನಡುಗಿದರೂ ಕೇಳುವವರಿಲ್ಲ. ನನ್ನ ಮೊದಲ ಸ್ಪೇಸ್ ಮ್ಯೂಸಿಕ್ (ಅಂತರಿಕ್ಷದಲ್ಲಿ ತೇಲಿದ ಹಾಗನಿಸುವ ಎಲೆಕ್ಟ್ರಾನಿಕ್ ಸಂಗೀತ) ರೆಕಾರ್ಡಿಂಗ್ ಹಾಳಾಗಿದ್ದು ಅಂಥದೊಂದು ರಾತ್ರಿ.

ಮಿನಿಮೋಗ್ ಸಿಂಥಸೈಜರಿನ (ವಿದ್ಯುತ್ತಿನಿಂದಲೇ ಸ್ವರ ಹುಟ್ಟಿಸುವ ಕೀಬೋರ್ಡ್ ವಾದ್ಯ) ಅಗ್ಗದ ನಕಲೊಂದನ್ನು ಆಗಷ್ಟೇ ಕೊಂಡಿದ್ದೆ. (‘ಮೋಗ್’ ಅಂತಲೇ ಹೇಳಬೇಕು. ಅಮ್ಮ ಮಾತ್ರ ಫೋನಿನಲ್ಲಿ ‘ಅದೇನೋ ಮೂಗು ತಗೊಂಡ್ಯಂತೆ?’ ಅಂದಳು.) ನಕಲಾದರೂ ಒಳಗಿರುವುದು ಅಸಲಿ ಅನಲಾಗ್ ಆಸಿಲೇಟರ್, ಅಂದರೆ ಸ್ವರ ಹುಟ್ಟಿಸುವ ಸರ್ಕ್ಯೂಟ್, ಮೂರು. ಸ್ವಿಚ್ ಹಾಕಿದ ಕೂಡಲೇ ಶ್ರುತಿ ಮಾಡಿ ರೆಕಾರ್ಡ್ ಒತ್ತಿದೆ. ಹನ್ನೆರಡು ನಿಮಿಷದ ತುಣುಕು. ಸರ್ಕ್ಯೂಟ್ ಬಿಸಿಯಾದಂತೆಲ್ಲ ಸ್ವರ ಜರುಗುತ್ತ ಹೋಯಿತು. ಎಂಟನೇ ನಿಮಿಷಕ್ಕೆ ಕಂಪ್ಯೂಟರಿನ ಸ್ಟ್ರಿಂಗ್ಸ್ (ಪಿಟೀಲು ಮೇಳದಂಥ ದನಿ) ಒಂದು ದಾರಿ, ನನ್ನ ಮೋಗಿನ ಬೇಸ್ (ಮಂದ್ರ ಸ್ವರ) ಇನ್ನೊಂದು ದಾರಿ. ತಂಬೂರಿಗೂ ಹಾಡುಗಾರನಿಗೂ ಜಗಳವಾದ ಕಚೇರಿಯ ಹಾಗೆ.

ಬರ್ಲಿನ್ನಿನ ಟ್ಯಾಂಜರಿನ್ ಡ್ರೀಮ್ ತಂಡಕ್ಕೂ ಇದೇ ಆಗಿತ್ತು. 1974ರ ‘ಫೇಡ್ರಾ’ ಆಲ್ಬಮ್ಮಿನ ಅದೇ ಹೆಸರಿನ ತುಣುಕಿನಲ್ಲಿ ಉಪಕರಣ ಬಿಸಿಯಾಗಿ ಶ್ರುತಿ ಸರಿದದ್ದು ಕೇಳಿಸುತ್ತದೆ. ಅವರು ಅದನ್ನು ಹಾಗೇ ಬಿಟ್ಟರು, ಸೊಗಸಾಗಿಯೂ ಇದೆ. ನನ್ನದು ಸೊಗಸಾಗಿರಲಿಲ್ಲ. ಈಗ ಅರ್ಧ ಗಂಟೆ ಮೊದಲೇ ಸ್ವಿಚ್ ಹಾಕಿ, ಅನ್ನಕ್ಕಿಟ್ಟು, ಊಟ ಮುಗಿಸಿ ಬಂದು ಶ್ರುತಿ ಮಾಡುತ್ತೇನೆ.

ಶ್ರುತಿ ಸರಿಹೋದ ಮೇಲೂ ತುಣುಕು ಸಪ್ಪೆಯೇ. ಸೀಕ್ವೆನ್ಸರಿನಲ್ಲಿ, ಅಂದರೆ ಕೊಟ್ಟ ಸ್ವರಗಳನ್ನು ತಾನೇ ಮತ್ತೆ ಮತ್ತೆ ನುಡಿಸುವ ಯಂತ್ರದಲ್ಲಿ, ಎಂಟು ಸ್ವರಗಳ ಸುತ್ತು ಹಾಕಿದ್ದೆ. ಟೆಂಪೊ 120 (ನಿಮಿಷಕ್ಕೆ 120 ಪೆಟ್ಟು) ಇಟ್ಟರೆ, ಪೆಟ್ಟಿಗೆ ನಾಲ್ಕರ ಲೆಕ್ಕದಲ್ಲಿ ಸೆಕೆಂಡಿಗೆ ಎಂಟು ಸ್ವರ. ಅದರ ಮೇಲೆ ಏಳರದ್ದೊಂದು ಸುತ್ತು, ನಮ್ಮ ಮಿಶ್ರ, ತಕಿಟ ತಕಧಿಮಿ. ಎರಡೂ ಮತ್ತೆ ಒಟ್ಟಿಗೆ ಎಡುಪಿಗೆ, ಶುರುವಿನ ಜಾಗಕ್ಕೆ, ಬರುವುದು 56 ಸ್ವರಕ್ಕೆ, ಅಂದರೆ ಸರಿಯಾಗಿ ಏಳು ಸೆಕೆಂಡಿಗೆ. ಒಂದು ಕೈ ದನಿಯ ಹೊಳಪು ಏರಿಳಿಸುವ ಫಿಲ್ಟರ್ ನಾಬ್ ಮೇಲೆ, ಮೆಲ್ಲಗೆ ತೆರೆಯುವುದು, ಮುಚ್ಚುವುದು. ಮೂರು ನಿಮಿಷ ಚೆಂದ. ಆಮೇಲೆ ಖಾಲಿ ಮನೆಯಲ್ಲಿ ಫ್ಯಾನ್ ತಿರುಗಿದ ಹಾಗೆ.

ದಾರಿ ಸಿಕ್ಕಿದ್ದು ಹಳೇ ಇಟಾಲಿಯನ್ ಪ್ರಾಗ್ ರಾಕ್‌ನಲ್ಲಿ (ಪ್ರೊಗ್ರೆಸಿವ್ ರಾಕ್, ಉದ್ದದ, ತಿರುವುಗಳ ರಾಕ್ ಸಂಗೀತ). ಇಲ್ಲಿ ನವಿಲ್ಯೋ ಕಾಲುವೆಯ ದಂಡೆಯಲ್ಲಿ ತಿಂಗಳ ಕೊನೇ ಭಾನುವಾರ ಹಳೆ ಸಾಮಾನಿನ ಸಂತೆ ನೆರೆಯುತ್ತದೆ. ಅಲ್ಲಿ ವೆನಿಸ್ ಕಡೆಯ ಲೆ ಓರ್ಮೆ ತಂಡದ ‘ಫೆಲೋನಾ ಎ ಸೊರೋನಾ’ (1973) ಆಲ್ಬಮ್ ಸಿಕ್ಕಿತು. ಎರಡು ಗ್ರಹಗಳ ಕಥೆ, ಒಂದರಲ್ಲಿ ಬೆಳಕು, ಒಂದರಲ್ಲಿ ಕತ್ತಲೆ. ಅಂತರಿಕ್ಷ ಇಲ್ಲೂ ಇದೆ, ಆದರೆ ಆ ಅಂತರಿಕ್ಷದಲ್ಲಿ ಯಾರೋ ಹಾಡುತ್ತಿದ್ದಾರೆ. ರೋಮಿನ ಬ್ಯಾಂಕೊ ತಂಡದ್ದೂ ಕೇಳಿದೆ. ಅವರ 1972ರ ಮೊದಲ ಆಲ್ಬಮ್ಮಿನ ಕವರ್ ಕಾಸು ಹಾಕುವ ಮಣ್ಣಿನ ಹುಂಡಿಯ ಆಕಾರದ್ದು. ಕವರಿಗಾಗಿಯೇ ಕೊಳ್ಳಬಹುದು.

ಪಾಠ ಕಲಿಸಿದ್ದು ಮಾತ್ರ ಮಿಲಾನಿನ ಪಿಎಫ್‌ಎಂ ತಂಡದ ‘ಇಂಪ್ರೆಸ್ಸಿಯೋನಿ ದಿ ಸೆತ್ತೆಂಬ್ರೆ’ ಹಾಡು. ಚರಣ ಮೆತ್ತಗೆ ಏರುತ್ತದೆ, ಇನ್ನೇನು ಪಲ್ಲವಿ ಬರಬೇಕು ಅನ್ನುವಲ್ಲಿ ಮಾತೇ ಇಲ್ಲ. ಆ ಜಾಗದಲ್ಲಿ ಫ್ಲಾವಿಯೊ ಪ್ರೆಮೋಲಿಯ ಮೋಗ್ ಹಾಡುತ್ತದೆ.

ಅದೇ ಸಾಲನ್ನು ನಾನು ನುಡಿಸಿದರೆ ಮನೆಯ ಕಾಲಿಂಗ್ ಬೆಲ್ ಆಗುತ್ತಿತ್ತು. ಒಂದು ವಾರ ನಾಬ್‌ಗಳನ್ನೇ ತಿರುಗಿಸಿ ಸಮಯ ಹಾಳುಮಾಡಿದೆ. ತಪ್ಪಿದ್ದದ್ದು ಬೆರಳಿನಲ್ಲಿ. ಮಿನಿಮೋಗ್‌ನಲ್ಲಿ ಒಂದು ಸಲಕ್ಕೆ ಒಂದೇ ಸ್ವರ. ಕೀಬೋರ್ಡಿನ ಎರಡು ಮನೆ ಒಟ್ಟಿಗೆ ಒತ್ತಿದರೆ ಅದು ಕೆಳಗಿನ ಸ್ವರಕ್ಕೇ ಮಣೆ ಹಾಕುತ್ತದೆ. ಹಾಗಾಗಿ ಅವರೋಹಣ ಸುಲಭ: ಮೊದಲಿನದನ್ನು ಬಿಡದೆ ಮುಂದಿನದನ್ನು ಒತ್ತಿದರೂ ಸ್ವರ ಅದೇ ಉಸಿರಿನಲ್ಲಿ ಇಳಿಯುತ್ತದೆ. ಆರೋಹಣದಲ್ಲಿ ಮೇಲಿನದನ್ನು ಒತ್ತಿಟ್ಟುಕೊಂಡು, ಸ್ವರ ಬದಲಾಗಬೇಕಾದ ಕ್ಷಣಕ್ಕೆ ಕೆಳಗಿನ ಬೆರಳು ಎತ್ತಬೇಕು. ತಡವಾದರೆ ಸ್ವರ ಅಲ್ಲೇ ಅಂಟಿಕೊಳ್ಳುತ್ತದೆ. ಎರಡೂ ಬೆರಳು ಎತ್ತಿ ಒತ್ತಿದರೆ ಹೊಸ ಉಸಿರು. ನಾನು ಪ್ರತಿ ಸ್ವರಕ್ಕೂ ಹೊಸ ಉಸಿರು ತೆಗೆಯುತ್ತಿದ್ದೆ, ಗೂರಲು ಹಿಡಿದವರ ಹಾಗೆ.

ಚಿಕ್ಕಂದಿನಲ್ಲಿ ಪಾಠ ಹೇಳಿದ ಮೇಡಂ ‘ಮೊದಲು ಬಾಯಲ್ಲಿ ಬರಲಿ’ ಅನ್ನುತ್ತಿದ್ದರು. ವಾದ್ಯದ ಸ್ವಿಚ್ ಆರಿಸಿ ಹಾಡಿಕೊಂಡೆ. ಉಸಿರು ಎಲ್ಲೆಲ್ಲಿ ಬೇಕಾಯಿತೋ ಅಲ್ಲಿ ಕಾಗದದ ಮೇಲೆ ಗೆರೆ ಎಳೆದೆ. ಆ ಗೆರೆಗಳಲ್ಲಿ ಮಾತ್ರ ಬೆರಳು ಪೂರ್ತಿ ಎತ್ತುವುದು. ಸ್ವರದಿಂದ ಸ್ವರಕ್ಕೆ ಜಾರಿಸುವ ಗ್ಲೈಡ್ ಕೊಂಚವೇ ಸಾಕು, ಜಾರು ಹೆಚ್ಚಾದರೆ ಆಂಬುಲೆನ್ಸ್. ಸ್ವರ ಬಾಗಿಸುವ ಪಿಚ್ ವೀಲಿನಲ್ಲಿ ಗಮಕವನ್ನೂ ಹಾಕಿ ನೋಡಿ ತೆಗೆದುಬಿಟ್ಟೆ. ಕಲಬೆರಕೆ ಅನಿಸಿತು.

ಹಿನ್ನೆಲೆಯ ಸ್ಟ್ರಿಂಗ್ಸ್‌ಗೆ ಎಲ್ಕಾ ಕಂಪನಿಯ ಕೀಬೋರ್ಡಿನ ಸಾಫ್ಟ್‌ವೇರ್ ರೂಪ ಬಳಸಿದೆ. ಬರ್ಲಿನ್ನಿನ ಕ್ಲೌಸ್ ಶುಲ್ಟ್ಸೆ 1975ರ ‘ಟೈಮ್‌ವಿಂಡ್’ನಲ್ಲಿ ನುಡಿಸಿದ್ದು ಎಲ್ಕಾ ಸ್ಟ್ರಿಂಗ್ಸ್, ಫಾರ್ಫೀಸಾ ಆರ್ಗನ್. ಎರಡೂ ಇಟಲಿಯ ಅಂಕೋನಾ ಸುತ್ತಿನ, ಅಕಾರ್ಡಿಯನ್ ಕಟ್ಟುವ ಊರುಗಳ ಸರಕು. ಜರ್ಮನ್ ಆಕಾಶ ಅಂತ ನಾವು ಕೇಳುವುದರಲ್ಲಿ ಇಟಲಿಯ ಗಾಳಿಯೂ ಸೇರಿದೆ ಅಂತ ನನ್ನ ವಾದ. ಇಲ್ಲಿನ ಸಹೋದ್ಯೋಗಿಗಳು ಇದನ್ನು ಕೂಡಲೇ ಒಪ್ಪುತ್ತಾರೆ, ಅದು ಬೇರೆ ಮಾತು.

ಈಗ ಆ ತುಣುಕು ಒಂಬತ್ತು ನಿಮಿಷ. ನಾಲ್ಕನೇ ನಿಮಿಷಕ್ಕೆ ಏಳರ ಸುತ್ತು ನಿಲ್ಲುತ್ತದೆ, ಎಂಟರದ್ದು ಫಿಲ್ಟರ್ ಮುಚ್ಚಿಕೊಂಡು ಒಳಗೊಳಗೇ ಗುಡುಗುಡು ಅನ್ನುತ್ತದೆ, ಮೋಗ್ ಹಾಡು ಶುರು. ಮುಂದಿನದಕ್ಕೆ ಎಂಟರ ಮೇಲೆ ಐದು, ಖಂಡ, ಹಾಕಿ ನೋಡುತ್ತಿದ್ದೇನೆ. 40ಕ್ಕೇ ಸೇರಿಬಿಡುತ್ತದೆ, ಐದೇ ಸೆಕೆಂಡು. ಟೆಂಪೊ ಇಳಿಸಬೇಕು.