ಅಂಕಿ ಸರಿಯಿತ್ತು, ವರದಿ ತಪ್ಪಿತ್ತು

ಅಂದು ನಾನು ಕೊಟ್ಟ ವರದಿಯ ಅಂಕಿಯಲ್ಲಿ ದೋಷವೇನೂ ಇರಲಿಲ್ಲ. ಮೂತ್ರಕೋಶದ ಕ್ಯಾನ್ಸರನ್ನು ಮೂತ್ರದಲ್ಲೇ ಹುಡುಕುವ ಎನ್‌ಎಂಪಿ22 ಪರೀಕ್ಷೆಗೆ ನಾವು ಇಟ್ಟುಕೊಂಡಿದ್ದ ಗಡಿ ಮಿಲಿಲೀಟರಿಗೆ 10 ಯೂನಿಟ್. ಆ ರೋಗಿಯ ಮೂತ್ರದಲ್ಲಿ ಅದರ ದುಪ್ಪಟ್ಟಿಗೂ ಹೆಚ್ಚಿತ್ತು. ‘ಪಾಸಿಟಿವ್’ ಎಂದು ಬರೆದು ಕಳುಹಿಸಿದೆ. ಮೂತ್ರಕೋಶದ ಗಡ್ಡೆ ಮರಳಿ ಬಂದಿದೆಯೆಂದು ಆ ಮನೆಯವರು ಒಂದು ವಾರ ನಿದ್ದೆಗೆಟ್ಟರು. ಸಿಸ್ಟೋಸ್ಕೋಪಿಯಲ್ಲಿ, ಅಂದರೆ ಮೂತ್ರಕೋಶದೊಳಗೆ ಕೊಳವೆ ಹಾಕಿ ನೋಡಿದಾಗ, ಗಡ್ಡೆ ಕಾಣಲಿಲ್ಲ. ಇದ್ದದ್ದು ಮೂತ್ರದ ಸೋಂಕು. ಉರಿ ಇದೆಯೇ, ಜ್ವರ ಬಂದಿತ್ತೇ ಎಂದು ನಾನು ವಿಚಾರಿಸಿರಲೇ ಇಲ್ಲ.

ಎನ್‌ಎಂಪಿ22 ಕೋಶಕೇಂದ್ರದೊಳಗಿನ ಪ್ರೋಟೀನು. ಕೋಶ ಸತ್ತಾಗ ಅದು ಮೂತ್ರಕ್ಕೆ ಸೋರುತ್ತದೆ. ಸತ್ತದ್ದು ಕ್ಯಾನ್ಸರ್ ಕೋಶವೋ, ಸೋಂಕಿಗೆ ಅಥವಾ ಮೂತ್ರದ ಕಲ್ಲಿನ ಉಜ್ಜುವಿಕೆಗೆ ಸಿಕ್ಕ ಸಾಮಾನ್ಯ ಕೋಶವೋ ಎಂಬ ಭೇದ ಆ ಪರೀಕ್ಷೆಗೆ ತಿಳಿಯದು. ಇದೇ ಕ್ಯಾನ್ಸರಿಗೆ ಮಾಡುವ ಇನ್ನೊಂದು ಮೂತ್ರ ಪರೀಕ್ಷೆಯಾದ ಬಿಟಿಎಯದೂ ಇದೇ ಪಾಡು. ಅದು ಹುಡುಕುವ ಪ್ರೋಟೀನು ರಕ್ತದಲ್ಲಿ ಸಹಜವಾಗಿರುವ ಕಾಂಪ್ಲಿಮೆಂಟ್ ಫ್ಯಾಕ್ಟರ್ ಎಚ್ ಎಂಬ ಪ್ರೋಟೀನಿನ ನಂಟಿನದು. ಆದ್ದರಿಂದ ಮೂತ್ರದಲ್ಲಿ ರಕ್ತ ಬೆರೆತರೆ ಸುಳ್ಳು ಪಾಸಿಟಿವ್ ಬರಬಹುದು. ನೋವಿಲ್ಲದೆ ಮೂತ್ರದಲ್ಲಿ ರಕ್ತ ಹೋಗುವುದೇ ಈ ಕ್ಯಾನ್ಸರಿನ ಮುಖ್ಯ ಲಕ್ಷಣ ಎಂಬುದನ್ನು ನೆನೆದರೆ ತೊಡಕು ಅರ್ಥವಾಗುತ್ತದೆ.

ಆ ವಾರದಿಂದ ನಮ್ಮ ಪ್ರಯೋಗಾಲಯದ ಕೋರಿಕೆ ಚೀಟಿಯ ತಲೆಯಲ್ಲೇ ಕೆಲವು ಪ್ರಶ್ನೆಗಳನ್ನು ಸೇರಿಸಿದೆ. ಸೋಂಕು ಇದೆಯೇ? ಕಲ್ಲು? ಇತ್ತೀಚೆಗೆ ಮೂತ್ರಕೋಶದ ಒಳಗೆ ಉಪಕರಣ ಹೋಗಿದೆಯೇ? ಬಿಸಿಜಿ ಕೊಟ್ಟು ಎಷ್ಟು ದಿನವಾಯಿತು? ಕೊನೆಯದು ಬಹಳ ಮುಖ್ಯ. ದುರ್ಬಲಗೊಳಿಸಿದ ಬ್ಯಾಕ್ಟೀರಿಯಾವನ್ನು ಮೂತ್ರಕೋಶದೊಳಗೆ ಬಿಡುವ ಈ ಬಿಸಿಜಿ ಚಿಕಿತ್ಸೆ ಕೆಲಸ ಮಾಡುವುದೇ ಮೂತ್ರಕೋಶದ ಒಳಪದರದಲ್ಲಿ ಉರಿಯೂತ ಎಬ್ಬಿಸುವುದರಿಂದ. ಆ ಸಮಯದಲ್ಲಿ ಪ್ರೋಟೀನು ಪರೀಕ್ಷೆಯನ್ನು ನಾನು ಮಾಡುವುದೇ ಇಲ್ಲ.

ಮಾದರಿಯ ವಿಷಯದಲ್ಲೂ ಹಟ ಹಿಡಿಯುತ್ತೇನೆ. ಬೆಳಗಿನ ಮೊದಲ ಮೂತ್ರ ಸೈಟಾಲಜಿಗೆ, ಅಂದರೆ ಮೂತ್ರದ ಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆಗೆ, ಬೇಡ. ರಾತ್ರಿಯಿಡೀ ಮೂತ್ರದಲ್ಲಿ ನೆನೆದ ಕೋಶಗಳು ಹಾಳಾಗಿರುತ್ತವೆ. ಎರಡನೆಯ ಸಲದ್ದು ಉತ್ತಮ.

1945ರಲ್ಲಿ ಪ್ಯಾಪನಿಕೋಲೌ ಮತ್ತು ಮಾರ್ಷಲ್ ಎಂಬ ವೈದ್ಯರು ಮೂತ್ರದ ಕೋಶಗಳಲ್ಲಿ ಕ್ಯಾನ್ಸರ್ ಗುರುತಿಸಿ ಬರೆದ ಸೈಟಾಲಜಿಯನ್ನು ಹಳತೆಂದು ತಳ್ಳಿಹಾಕುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ಉಗ್ರ ದರ್ಜೆಯ ಕ್ಯಾನ್ಸರ್ ಎಂದು ಅದು ಹೇಳಿದರೆ ಬಹುತೇಕ ನಂಬಬಹುದು. ಕೆಳದರ್ಜೆಯ ಗಡ್ಡೆಗಳ ಮುಂದೆ ಮಾತ್ರ ಅದು ಸೋಲುತ್ತದೆ, ಏಕೆಂದರೆ ಆ ಕೋಶಗಳು ಸಾಮಾನ್ಯ ಕೋಶಗಳಂತೆಯೇ ಕಾಣುತ್ತವೆ.

ಕ್ಯಾನ್ಸರ್ ಹೌದೋ ಅಲ್ಲವೋ ಎಂದು ತೂಗಾಡುವ ಸ್ಲೈಡುಗಳಿಗೆ, ಕ್ರೋಮೋಸೋಮುಗಳನ್ನು ಬಣ್ಣದ ಚುಕ್ಕಿಗಳಾಗಿ ಹೊಳೆಯಿಸಿ ಎಣಿಸುವ ಫಿಶ್ ಪರೀಕ್ಷೆ ಮಾಡುತ್ತೇನೆ. 3, 7, 17ನೇ ಕ್ರೋಮೋಸೋಮುಗಳು ಕೆಂಪು, ಹಸಿರು, ತಿಳಿನೀಲಿಯಾಗಿ, 9ನೇ ಕ್ರೋಮೋಸೋಮಿನ ಒಂದು ತುಣುಕು ಹೊಂಬಣ್ಣದಲ್ಲಿ ಮಿನುಗುತ್ತವೆ. ಒಬ್ಬರ ಸ್ಲೈಡಿನಲ್ಲಿ, ವಿಕಾರವಾಗಿ ಕಂಡ 25 ಕೋಶಗಳನ್ನು ಎಣಿಸುವಾಗ, ಆರರಲ್ಲಿ ಎರಡು ಅಥವಾ ಅದಕ್ಕೂ ಹೆಚ್ಚು ಕ್ರೋಮೋಸೋಮುಗಳ ಚುಕ್ಕಿಗಳು ಜಾಸ್ತಿಯಾಗಿದ್ದವು; ಅಂತಹ ನಾಲ್ಕು ಕೋಶಗಳಿದ್ದರೇ ಪಾಸಿಟಿವ್. ಸಿಸ್ಟೋಸ್ಕೋಪಿ ಶುದ್ಧವಾಗಿತ್ತು. ಮೂತ್ರರೋಗ ತಜ್ಞರು ದೂರವಾಣಿಯಲ್ಲಿ, “ಇದೂ ಸುಳ್ಳೇ ಇರಬಹುದಲ್ಲವೇ?” ಎಂದರು. ಹಿಂದಿನ ಪ್ರಕರಣ ಅವರಿಗೂ ನೆನಪಿತ್ತು. ಸೋಂಕಿಲ್ಲ, ಕಲ್ಲಿಲ್ಲ ಎಂದು ಚೀಟಿಯಲ್ಲಿತ್ತು. ಉರಿಯೂತದಿಂದ ಇಂತಹ ಎಣಿಕೆ ಸಾಮಾನ್ಯವಾಗಿ ಬರುವುದಿಲ್ಲ ಎಂದು ಹೇಳಿ, ಬಿಡಬೇಡಿ ಎಂದು ಕೇಳಿಕೊಂಡೆ. ತಿಂಗಳುಗಳ ನಂತರದ ಬಯಾಪ್ಸಿಯಲ್ಲಿ ಕಾರ್ಸಿನೋಮ ಇನ್ ಸಿಟು ಸಿಕ್ಕಿತು. ಒಳಪದರಕ್ಕೆ ಚಪ್ಪಟೆಯಾಗಿ ಅಂಟಿಕೊಂಡಿರುವ ಈ ಉಗ್ರ ಕ್ಯಾನ್ಸರ್ ಸಿಸ್ಟೋಸ್ಕೋಪಿಯ ಸಾಮಾನ್ಯ ಬಿಳಿ ಬೆಳಕಿನಲ್ಲಿ ಕಣ್ಣು ತಪ್ಪಿಸಿಕೊಳ್ಳಬಲ್ಲದು.

ಈಚೆಗೆ ಡಿಎನ್‌ಎ ಪರೀಕ್ಷೆಗಳೂ ಬಂದಿವೆ. ಟರ್ಟ್ ಎಂಬ ಜೀನನ್ನು ಚಾಲೂ ಮಾಡುವ ಪ್ರೊಮೋಟರ್ ಭಾಗದ ಎರಡು ನಿರ್ದಿಷ್ಟ ಜಾಗಗಳ ಬದಲಾವಣೆ ಕೆಳದರ್ಜೆ, ಉಗ್ರ ದರ್ಜೆ ಎರಡೂ ಗಡ್ಡೆಗಳಲ್ಲಿ ಹೆಚ್ಚಾಗಿ ಸಿಗುತ್ತದೆ. ಎಫ್‌ಜಿಎಫ್‌ಆರ್3 ಎಂಬ ಇನ್ನೊಂದು ಜೀನಿನ ಬದಲಾವಣೆ ಮುಖ್ಯವಾಗಿ ಕೆಳದರ್ಜೆಯವುಗಳಲ್ಲಿ. ಸೈಟಾಲಜಿ ಮೌನವಾಗುವ ಕಡೆ ಇವು ಮಾತಾಡುತ್ತವೆ ಎಂಬುದೇ ನನ್ನ ಆಸೆಗೆ ಕಾರಣ.

ಮಾದರಿ ಕೊಡಲು ಬರುವವರು ಇಂದಿಗೂ ಕೇಳುತ್ತಾರೆ: “ಡಾಕ್ಟರೇ, ಇದೊಂದು ಸರಿಯಿದ್ದರೆ ಆ ಕೊಳವೆ ಹಾಕಿಸಿಕೊಳ್ಳುವುದು ತಪ್ಪುತ್ತದೆಯೇ?” ಅವರ ಸಂಕಟ ನನಗೆ ಗೊತ್ತು. “ಸದ್ಯಕ್ಕೆ ತಪ್ಪುವುದಿಲ್ಲ, ಎರಡೂ ಬೇಕು” ಎಂದು ಹೇಳಿ, ಉರಿ ಇದೆಯೇ ಎಂದು ಕೇಳಿ ಚೀಟಿ ತುಂಬಿಸುತ್ತೇನೆ.