ನಾಲ್ಕು ನಿಮಿಷ, ಒಂದು ವೈರ್

2024ರ ಮಾರ್ಚ್ 26ರಂದು ನಾನು ರಜೆಯಲ್ಲಿದ್ದೆ, ಉಡುಪಿಯ ಮನೆಯಲ್ಲಿ. ಅಮೆರಿಕದ ಬಾಲ್ಟಿಮೋರ್‌ನಲ್ಲಿ ಆಗ ರಾತ್ರಿ ಒಂದೂವರೆ, ನಮಗೆ ಬೆಳಗ್ಗೆ ಹನ್ನೊಂದು. ಮಧ್ಯಾಹ್ನದೊಳಗೆ ಆ ವಿಡಿಯೊ ಎಲ್ಲರ ಫೋನಿಗೂ ಬಂದಿತ್ತು. 'ಡಾಲಿ' ಹಡಗು ಫ್ರಾನ್ಸಿಸ್ ಸ್ಕಾಟ್ ಕೀ ಸೇತುವೆಯ ಕಂಬಕ್ಕೆ ಗುದ್ದಿದೆ, ಸೇತುವೆ ಕಡ್ಡಿ ಮುರಿದ ಹಾಗೆ ನೀರಿಗೆ ಬಿದ್ದಿದೆ.

ಅಮ್ಮ ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಅಷ್ಟು ಜಾಗ ಇತ್ತಲ್ವಾ, ಪಕ್ಕಕ್ಕೆ ತಿರುಗಿಸ್ಬಾರ್ದಿತ್ತಾ?"

ನಾನು ಹಡಗಿನಲ್ಲಿ ಎಲೆಕ್ಟ್ರಿಕಲ್ ಆಫೀಸರ್. ಎಲ್ಲರೂ ಸೇತುವೆ ನೋಡುತ್ತಿದ್ದರೆ ನಾನು ಹಡಗಿನ ದೀಪಗಳನ್ನೇ ನೋಡುತ್ತಿದ್ದೆ. ಆರಿದವು, ಹತ್ತಿದವು, ಮತ್ತೆ ಆರಿದವು. ಎರಡು ಬ್ಲ್ಯಾಕೌಟ್. ಹೊಟ್ಟೆ ತಣ್ಣಗಾಯಿತು.

ಅಮ್ಮನಿಗೆ ಹೇಳಿದ್ದು ಇಷ್ಟು. ಕರೆಂಟ್ ಹೋದರೆ ಪಂಪ್‌ಗಳು ನಿಲ್ಲುತ್ತವೆ. ಪಂಪ್ ನಿಂತರೆ ಮುಖ್ಯ ಇಂಜಿನ್ ತನ್ನನ್ನು ಉಳಿಸಿಕೊಳ್ಳೋಕೆ ತಾನೇ ಆಫ್ ಆಗುತ್ತದೆ. ಪ್ರೊಪೆಲ್ಲರ್ ತಿರುಗದಿದ್ದರೆ ಚುಕ್ಕಾಣಿಗೆ ಬಡಿಯುವ ನೀರಿನ ಜೋರು ಇರುವುದಿಲ್ಲ. ಆಮೇಲೆ ಎಷ್ಟು ತಿರುಗಿಸಿದರೂ 300 ಮೀಟರ್ ಉದ್ದದ ಹಡಗು ಹೋಗುತ್ತಿದ್ದ ಕಡೆಗೇ ಹೋಗುತ್ತದೆ. ಲಂಗರು ಬಿಟ್ಟರು, ಆದರೆ ಅಷ್ಟು ಭಾರವನ್ನು ಅಷ್ಟು ಹತ್ತಿರದಲ್ಲಿ ಅದು ಹಿಡಿಯುವುದಿಲ್ಲ. ದೊಡ್ಡ ಹಡಗನ್ನು ಎಳೆದು ತಳ್ಳುವ ಟಗ್ ದೋಣಿಗಳು ಮೊದಲೇ ವಾಪಸ್ ಹೋಗಿದ್ದವು. ಮೊದಲು ಕರೆಂಟ್ ಹೋದಾಗಿನಿಂದ ಗುದ್ದುವವರೆಗೆ ಸುಮಾರು ನಾಲ್ಕು ನಿಮಿಷ. ಬಂದರಿನಲ್ಲಿ ಹಡಗಿಗೆ ದಾರಿ ತೋರಿಸುವ ಪೈಲಟ್ ಕೊಟ್ಟ ಸುದ್ದಿಯಿಂದ ಪೊಲೀಸರು ವಾಹನಗಳನ್ನು ತಡೆದರು. ಸೇತುವೆಯ ಮೇಲೆ ರಸ್ತೆ ಗುಂಡಿ ಮುಚ್ಚುತ್ತಿದ್ದ ಆರು ಜನ ಮಾತ್ರ ಉಳಿಯಲಿಲ್ಲ.

2025ರ ನವೆಂಬರ್‌ನಲ್ಲಿ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಮೊದಲ ಬ್ಲ್ಯಾಕೌಟ್‌ನ ಕಾರಣ ಹೇಳಿತು: ಸಡಿಲವಾಗಿದ್ದ ಒಂದು ವೈರ್. ವೈರಿನ ಗುರುತಿಗೆ ಹಾಕುವ ಲೇಬಲ್ ಪಟ್ಟಿ ತಪ್ಪು ಜಾಗದಲ್ಲಿ ಕೂತಿತ್ತು. ಅದು ಅಡ್ಡ ಬಂದು ವೈರ್, ಅದನ್ನು ಸ್ಪ್ರಿಂಗ್‌ನಿಂದ ಕಚ್ಚಿ ಹಿಡಿಯುವ ಟರ್ಮಿನಲ್‌ನೊಳಗೆ ಪೂರ್ತಿ ಹೋಗಿರಲಿಲ್ಲ. ಎರಡನೇ ಬ್ಲ್ಯಾಕೌಟ್‌ಗೆ ಬೇರೆ ಕಾರಣ. ಜನರೇಟರ್‌ಗಳಿಗೆ ಇಂಧನ ಕೊಡಲು, ಕರೆಂಟ್ ಬಂದ ಮೇಲೂ ತಾನಾಗಿ ಶುರುವಾಗದ ಪಂಪನ್ನು ಬಳಸುತ್ತಿದ್ದರು.

ಮುಂದಿನ ತಿಂಗಳು ಹೊಸ ಹಡಗಿಗೆ ಹೋದೆ. ಚೀಫ್ ಇಂಜಿನಿಯರ್ ಹತ್ತಿರ ಒಂದೇ ಬೇಡಿಕೆ ಇಟ್ಟೆ: ಲಂಗರು ಹಾಕಿ ನಿಂತಾಗ ದಿನಕ್ಕೊಂದು ಪ್ಯಾನೆಲ್ ಬಿಚ್ಚೋಕೆ ಬಿಡಿ. "ಸುಮ್ನೆ ಇರೋದನ್ನ ಯಾಕೆ ಕೆದಕ್ತೀಯಾ?" ಅಂದರು. ಅದೂ ತಪ್ಪು ಮಾತಲ್ಲ, ಬಿಚ್ಚಿ ಕೆಡಿಸಿದವರೂ ಇದ್ದಾರೆ. ಕೊನೆಗೆ ಒಪ್ಪಿದರು.

ಕೆಲಸ ನೋಡೋಕೆ ಏನೂ ಇಲ್ಲ. ಕರೆಂಟ್ ಕಡಿದು, ಬೀಗ ಹಾಕಿ, ಮೀಟರಿನಲ್ಲಿ ಸೊನ್ನೆ ನೋಡಿಕೊಂಡು, ಎರಡೇ ಬೆರಳಲ್ಲಿ ಒಂದೊಂದು ವೈರನ್ನೂ ಮೆಲ್ಲಗೆ ಎಳೆಯುವುದು. ಮಲ್ಲಿಗೆ ಮಾಲೆಯಲ್ಲಿ ಹೂವು ಗಟ್ಟಿಯಾಗಿ ಕೂತಿದೆಯಾ ಅಂತ ಅಜ್ಜಿ ಎಳೆದು ನೋಡುತ್ತಿದ್ದಳಲ್ಲ, ಅಷ್ಟೇ ಜೋರು. ಸ್ಪ್ರಿಂಗ್ ಹಿಡಿದಿದ್ದರೆ ಅಲ್ಲಾಡುವುದಿಲ್ಲ.

ಮೂರನೇ ಪ್ಯಾನೆಲ್‌ನಲ್ಲಿ ಒಂದು ಕೈಗೇ ಬಂತು.

ಹೊರಗಿನಿಂದ ಎಲ್ಲ ಸರಿಯೇ ಇತ್ತು. ಹಳದಿ ಲೇಬಲ್ ಕೊಳವೆ ತುದಿಯವರೆಗೂ ಜಾರಿತ್ತು. ಸ್ಪ್ರಿಂಗ್ ತಾಮ್ರವನ್ನು ಬಿಟ್ಟು ಪ್ಲಾಸ್ಟಿಕ್ಕನ್ನು ಕಚ್ಚಿಕೊಂಡಿತ್ತು. ಅದು ಟ್ರಾನ್ಸ್‌ಫಾರ್ಮರ್ ಬ್ರೇಕರ್‌ನ ಅಂಡರ್‌ವೋಲ್ಟೇಜ್ ಕಾಯಿಲ್‌ಗೆ ಹೋಗುವ ವೈರ್. ಆ ಕಾಯಿಲ್‌ಗೆ ಕ್ಷಣ ಕರೆಂಟ್ ತಪ್ಪಿದರೂ ಬ್ರೇಕರ್ ಬೀಳುತ್ತದೆ, ಅಂದರೆ ಟ್ರಾನ್ಸ್‌ಫಾರ್ಮರಿನ ಕರೆಂಟ್ ಕಡಿಯುತ್ತದೆ. ಕೊಳವೆ ಹಿಂದಕ್ಕೆ ಸರಿಸಿ ಮತ್ತೆ ತೂರಿಸಿದೆ. ಎರಡು ನಿಮಿಷದ ಕೆಲಸ. ಕೈ ಮಾತ್ರ ಆಮೇಲೂ ನಡುಗುತ್ತಿತ್ತು.

ಇನ್ನೊಂದು ತಪ್ಪು ನನ್ನದೇ ಅಭ್ಯಾಸ. ಒಂದು ಟ್ರಾನ್ಸ್‌ಫಾರ್ಮರ್ ನಿಂತರೆ ಇನ್ನೊಂದಕ್ಕೆ ಬದಲಾಯಿಸುವ ಸ್ವಿಚ್ಚನ್ನು ಹಿಂದಿನ ಹಡಗುಗಳಲ್ಲಿ ಮ್ಯಾನ್ಯುವಲ್‌ನಲ್ಲೇ ಇಡುತ್ತಿದ್ದೆ, ತಲೆನೋವು ಕಮ್ಮಿ ಅಂತ. ಡಾಲಿಯಲ್ಲೂ ಅದು ಮ್ಯಾನ್ಯುವಲ್‌ನಲ್ಲಿತ್ತು. ಹುಡುಗರು ಓಡಿ ಹೋಗಿ ಕೈಯಿಂದ ಹಾಕೋಕೆ ಸುಮಾರು ಒಂದು ನಿಮಿಷ ಬೇಕಾಯಿತು. ನಾಲ್ಕರಲ್ಲಿ ಒಂದು. ಈಗ ಆಟೋದಲ್ಲಿಟ್ಟು, ಲಂಗರಿನಲ್ಲಿದ್ದಾಗ ಬೇಕಂತಲೇ ಬ್ರೇಕರ್ ಬೀಳಿಸಿ ಸ್ಟಾಪ್‌ವಾಚ್ ಹಿಡಿದು ನೋಡುತ್ತೇನೆ.

ಎಲ್ಲ ಡಿಕ್ಕಿಗೂ ವೈರೇ ಕಾರಣ ಅಂತಲ್ಲ. 1980ರಲ್ಲಿ ಫ್ಲೋರಿಡಾದ ಸನ್‌ಶೈನ್ ಸ್ಕೈವೇ ಸೇತುವೆಗೆ ಹಡಗು ಗುದ್ದಿ 35 ಜನ ಸತ್ತಿದ್ದು ದಿಢೀರನೆ ಬಂದ ಬಿರುಮಳೆಯಲ್ಲಿ. 2005ರಲ್ಲಿ ಡೆನ್ಮಾರ್ಕಿನ ಗ್ರೇಟ್ ಬೆಲ್ಟ್ ಸೇತುವೆಗೆ ಹೋಗಿ ಬಡಿದ ಸಣ್ಣ ಸರಕು ಹಡಗಿನಲ್ಲಿ ಪಾಳಿಯಲ್ಲಿದ್ದ ಅಧಿಕಾರಿ ಕುಡಿದಿದ್ದ. ಅದಕ್ಕೆ ನನ್ನ ಸ್ಕ್ರೂಡ್ರೈವರ್ ಉಪಯೋಗಕ್ಕೆ ಬರಲ್ಲ.

ಅದೇ ಗ್ರೇಟ್ ಬೆಲ್ಟ್ ಜಲಸಂಧಿಯಲ್ಲಿ ಈ ಸಲ ನಾವೂ ಹೋದೆವು. ಎರಡು ಗೋಪುರಗಳ ನಡುವೆ 1,624 ಮೀಟರ್ ಜಾಗ, ಧಾರಾಳ. ಆದರೂ ಎರಡು ಜನರೇಟರ್ ಒಟ್ಟಿಗೆ, ಎರಡು ಸ್ಟಿಯರಿಂಗ್ ಪಂಪ್, ಲಂಗರಿನ ಹತ್ತಿರ ಜನ. ನಾನಿದ್ದಿದ್ದು ಕೆಳಗೆ, ಕಂಟ್ರೋಲ್ ರೂಮಿನಲ್ಲಿ. ಅಲ್ಲಿಗೆ ಕಿಟಕಿ ಇಲ್ಲ. ಇಷ್ಟು ವರ್ಷದಲ್ಲಿ ಒಂದು ಸೇತುವೆಯನ್ನೂ ದಾಟುವಾಗ ಕಣ್ಣಾರೆ ನೋಡಿಲ್ಲ. ವೋಲ್ಟ್‌ಮೀಟರ್ ಮುಳ್ಳನ್ನೇ ನೋಡುತ್ತಾ ನಿಂತಿದ್ದೆ. ಮೇಲಿಂದ ಫೋನ್ ಬಂತು: "ದಾಟಿ ಆಯ್ತು, ಚಹಾ ಕುಡೀರಿ."