ಫಿಲ್ಮ್ ಕೆಪಾಸಿಟರ್‌ನ ಯಾವ ಕಾಲು ಯಾವ ಕಡೆಗೆ? ಹಮ್ ಕಡಿಮೆ ಮಾಡುವ ಕೆಲಸ

ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಉಲ್ಟಾ ಹಾಕಿದರೆ ಉಬ್ಬಿ ಸಿಡಿಯುತ್ತದೆ. ಮೈನಸ್ ಕಡೆ ಪಟ್ಟಿ ಇರುತ್ತದೆ, ನೋಡಿ ಹಾಕಿದರಾಯಿತು. ಫಿಲ್ಮ್ ಕೆಪಾಸಿಟರ್‌ಗೆ ಪ್ಲಸ್ಸೂ ಇಲ್ಲ, ಮೈನಸ್ಸೂ ಇಲ್ಲ, ಆದ್ದರಿಂದ ಎಲ್ಲರೂ ಸುಮ್ನೆ ಹೇಗೋ ಸೋಲ್ಡರ್ ಮಾಡಿಬಿಡುತ್ತಾರೆ. ಆದರೆ ಒಳಗೆ ಎರಡು ಲೋಹದ ಪದರಗಳನ್ನು ಪ್ಲಾಸ್ಟಿಕ್ ಜೊತೆ ಸುರುಳಿ ಸುತ್ತಿರುತ್ತಾರಲ್ವಾ, ಅದರಲ್ಲಿ ಒಂದು ಪದರ ಹೊರಗಡೆ ಬರಲೇಬೇಕು. ಸುತ್ತಲಿನ ಕರೆಂಟ್ ವೈರುಗಳ 50 ಹರ್ಟ್ಸ್ ಹಮ್ (ಸ್ಪೀಕರ್‌ನಲ್ಲಿ ಗುಂಯ್ ಎನ್ನುವ ಸದ್ದು) ಮೊದಲು ಬಡಿಯುವುದು ಇದಕ್ಕೇ. ಈ ಪದರದ ಕಾಲು (ಹೊರಗೆ ಬಂದಿರುವ ತಂತಿ) ಕಡಿಮೆ ಇಂಪೀಡೆನ್ಸ್, ಅಂದರೆ ಎಸಿ ಕರೆಂಟಿಗೆ ಕಡಿಮೆ ಅಡ್ಡಿ ಇರುವ ಕಡೆಗೆ ಹೋದರೆ ಅದೇ ಶೀಲ್ಡ್ ಆಗುತ್ತದೆ, ಉಲ್ಟಾ ಆದರೆ ಆಂಟೆನಾ.

ಹೊರಪದರದ ಕಾಲು ಪತ್ತೆ ಮಾಡಲು ಸ್ಕೋಪ್ (ಸಿಗ್ನಲ್ ಅಲೆಯನ್ನು ಪರದೆ ಮೇಲೆ ತೋರಿಸುವ ಆಸಿಲೋಸ್ಕೋಪ್) ಇದ್ದರೆ ಸಾಕು. ಪ್ರೋಬನ್ನು 1ಎಕ್ಸ್‌ಗೆ ಹಾಕಿ, ವೋಲ್ಟ್ಸ್ ನಾಬನ್ನು ಕೆಲವು ಮಿಲಿವೋಲ್ಟ್‌ಗೆ ಇಳಿಸಿ. ಪ್ರೋಬ್ ತುದಿ ಒಂದು ಕಾಲಿಗೆ, ಗ್ರೌಂಡ್ ಕ್ಲಿಪ್ ಇನ್ನೊಂದಕ್ಕೆ. ಈಗ ಕಾಲುಗಳನ್ನು ಮುಟ್ಟದೆ ಕೆಪಾಸಿಟರ್‌ನ ಮೈಯನ್ನು ಎರಡು ಬೆರಳಲ್ಲಿ ಗಟ್ಟಿಯಾಗಿ ಹಿಡಿಯಿರಿ, ಪರದೆ ಮೇಲೆ ಹಮ್ ಅಲೆ ಕಾಣುತ್ತದೆ. ಕ್ಲಿಪ್ ಅದಲು ಬದಲು ಮಾಡಿ ಮತ್ತೆ ಹಿಡಿಯಿರಿ. ಅಲೆ ಚಿಕ್ಕದಾದಾಗ ಗ್ರೌಂಡ್ ಕ್ಲಿಪ್ ಯಾವ ಕಾಲಿಗಿದೆಯೋ ಅದೇ ಹೊರಪದರ, ತಕ್ಷಣ ಮಾರ್ಕರ್‌ನಿಂದ ಗೆರೆ ಎಳೆದುಬಿಡಿ. ವ್ಯತ್ಯಾಸ ಕಾಣದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಚಿಕ್ಕ ಡಬ್ಬಿ ಆಕಾರದ ಕೆಪಾಸಿಟರ್‌ಗಳಲ್ಲಿ ಹಾಗಾಗುವುದುಂಟು.

ಹಾಕುವುದು ಎಲ್ಲಿಗೆ? ಒಂದು ಕಾಲು ಗ್ರೌಂಡ್‌ಗೆ ಹೋಗುವುದಾದರೆ ಗೆರೆ ಎಳೆದ ಕಾಲೇ ಗ್ರೌಂಡ್‌ಗೆ. ಕಪ್ಲಿಂಗ್ ಕೆಪಾಸಿಟರ್ (ಒಂದು ಸ್ಟೇಜಿನಿಂದ ಮುಂದಿನದಕ್ಕೆ ಸಿಗ್ನಲ್ ದಾಟಿಸುವುದು) ಆದರೆ ಗೆರೆ ಇರುವ ಕಾಲು ಹಿಂದಿನ ಸ್ಟೇಜಿನ ಔಟ್‌ಪುಟ್‌ಗೆ, ಅಂದರೆ ವಾಲ್ವ್ ಸೆಟ್‌ನಲ್ಲಿ (ಗಾಜಿನ ಟ್ಯೂಬ್ ಇರುವ ಹಳೆ ರೇಡಿಯೋ) ವಾಲ್ವಿನ ಔಟ್‌ಪುಟ್ ಆದ ಪ್ಲೇಟ್ ಕಡೆಗೆ. ಮುಂದಿನ ವಾಲ್ವಿನ ಇನ್‌ಪುಟ್ ಆದ ಗ್ರಿಡ್ ಕಡೆಗೆ ಬೇಡ, ಅಲ್ಲಿ ಸಾಮಾನ್ಯವಾಗಿ 1 ಮೆಗಾಓಮ್‌ನಂಥ ದೊಡ್ಡ ರೆಸಿಸ್ಟರ್ ಇರುತ್ತದೆ, ಇಂಪೀಡೆನ್ಸ್ ಜಾಸ್ತಿ, ಸಣ್ಣ ಹಮ್ಮನ್ನೂ ಹಿಡಿದುಕೊಳ್ಳುತ್ತದೆ.

1935ರಲ್ಲೇ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ಮನೆಯಲ್ಲಿ ರೇಡಿಯೋ ಸ್ಟೇಷನ್ ಶುರು ಮಾಡಿದ ಊರು ನಮ್ಮ ಮೈಸೂರು, ಇಲ್ಲಿ ಹಳೆ ವಾಲ್ವ್ ಸೆಟ್ ಬಿಚ್ಚುವ ಹುಚ್ಚು ಇರುವವರು ಇನ್ನೂ ಇದ್ದಾರೆ. ಆ ಸೆಟ್‌ಗಳ ಪೇಪರ್ ಕೆಪಾಸಿಟರ್ ಮೇಲಿನ ಪಟ್ಟಿ ಸಾಮಾನ್ಯವಾಗಿ ಹೊರಪದರದ ಗುರುತು, ಮೈನಸ್ ಅಲ್ಲ. ಅವು ಹಳತಾಗಿ ಒಳಗೇ ಕರೆಂಟ್ ಲೀಕ್ ಮಾಡುತ್ತಿರುತ್ತವೆ, ಹೇಗೂ ಬದಲಾಯಿಸಬೇಕು. ಹೊಸ ಫಿಲ್ಮ್ ಕೆಪಾಸಿಟರ್ ಮೇಲೆ ಅಕ್ಷರ ಯಾವ ಕಡೆಯಿಂದ ಶುರುವಾಗಿದೆ ಎಂದು ನೋಡಿ ನಂಬಬೇಡಿ, ಅಳೆದೇ ನೋಡಿ. ವಾಲ್ವ್ ಸೆಟ್‌ನ ಒಳಗೆ ಕೈ ಹಾಕುವ ಮುಂಚೆ ಪ್ಲಗ್ ಕಿತ್ತು, ಫಿಲ್ಟರ್ ಕೆಪಾಸಿಟರ್ ಡಿಸ್ಚಾರ್ಜ್ ಮಾಡಿ, ಮೀಟರ್ ಇಟ್ಟು ಸೊನ್ನೆ ನೋಡಿಕೊಳ್ಳಿ, ಅಲ್ಲಿ 250 ವೋಲ್ಟ್ ಉಳಿದಿರುವುದು ಮಾಮೂಲಿ.

ಟಿಡಿಎ2030 ಆಂಪ್ ಐಸಿ ಹಾಕಿ ಗಣೇಶನ ಹಬ್ಬಕ್ಕೆ ಆಂಪ್ ಕಟ್ಟುವ ಮಂಡ್ಯದ ಹುಡುಗರಿಗೆ ಹೊರಪದರ ನೋಡಿ ಹಾಕುವುದರಿಂದ ಹೆಚ್ಚೇನೂ ಆಗುವುದಿಲ್ಲ, ಅಲ್ಲಿ ಇಂಪೀಡೆನ್ಸ್ ಕಡಿಮೆ. ವಾಲ್ಯೂಮ್ ಪೂರ್ತಿ ಇಳಿಸಿದರೂ ಗುಂಯ್ ಅನ್ನುತ್ತಿದ್ದರೆ ಪವರ್ ಸಪ್ಲೈ ಫಿಲ್ಟರ್, ಗ್ರೌಂಡ್ ವೈರಿಂಗ್ ಮೊದಲು ನೋಡಿ.